ಪಾಸಿನ ಗೆರೆಯ ಆಸುಪಾಸಿನಲ್ಲಿ: ಕನಿಷ್ಠ ಸಾಮರ್ಥ್ಯ ಪರೀಕ್ಷೆಯಿಂದ ಮಕ್ಕಳಿಗೆ, ಶಿಕ್ಷಕರಿಗೆ ಆಗುವುದೇನು?

ಪ್ರಶ್ನೆ: ಹೈಸ್ಕೂಲು ಮುಗಿಸುವ ಹೊತ್ತಿಗೆ ಓದು, ಬರಹ, ಲೆಕ್ಕ ಇಷ್ಟಾದರೂ ಬರಲೇಬೇಕು ಎಂದು ಅಮೆರಿಕದ ರಾಜ್ಯಗಳು ‘ಕನಿಷ್ಠ ಸಾಮರ್ಥ್ಯ ಪರೀಕ್ಷೆ’ ತಂದವು ಎಂದು ಓದಿದ್ದೇನೆ. ಅದರಿಂದ ಕಲಿಕೆ ನಿಜವಾಗಿ ಸುಧಾರಿಸಿತೇ? ಪಾಠ ಮಾಡುವವರ ಮೇಲೆ ಏನು ಪರಿಣಾಮವಾಯಿತು? ಇಂಥ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುವವರು ಏನನ್ನು ಗಮನಿಸಬೇಕು? – ಒಬ್ಬ ಗಣಿತ ಶಿಕ್ಷಕಿ

ಉತ್ತರ: ಈ ಪರೀಕ್ಷೆಯ ಪರಿಣಾಮ ತರಗತಿಯ ಎಲ್ಲರ ಮೇಲೂ ಒಂದೇ ರೀತಿ ಆಗುವುದಿಲ್ಲ. ಹೆಚ್ಚಿನ ಮಕ್ಕಳು ಮೊದಲ ಸಲವೇ ಪಾಸಾಗಿ ಅದನ್ನು ಮರೆತುಬಿಡುತ್ತಾರೆ. ಅವರ ಕಲಿಕೆಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಡೆಯುವುದೆಲ್ಲ ಪಾಸಿನ ಗೆರೆಯ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಬಹಳ ಕೆಳಗಿರುವ ಮಕ್ಕಳಲ್ಲಿ. ಆದ್ದರಿಂದ ‘ಸರಾಸರಿ ಅಂಕ ಏರಿತೇ?’ ಎಂದಷ್ಟೇ ಕೇಳಿದರೆ ವಿಷಯದ ತಿರುಳು ಕೈತಪ್ಪುತ್ತದೆ. ಗೆರೆಯ ಕೆಳಗೆ ಉಳಿದ ಮಗುವಿಗೆ ಮರುದಿನ ಏನಾಯಿತು, ಆ ಮಗುವಿನ ಶಿಕ್ಷಕರು ಮರುವಾರ ಏನು ಪಾಠ ಮಾಡಿದರು ಎಂದು ಕೇಳಬೇಕು.

1970ರ ದಶಕದಲ್ಲಿ ಅಮೆರಿಕದಲ್ಲಿ ಒಂದು ದೂರು ಜೋರಾಗಿ ಕೇಳಿಬರುತ್ತಿತ್ತು: ಡಿಪ್ಲೊಮಾ (ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ) ಕೈಗೆ ಬಂದಿದೆ, ಆದರೆ ಅರ್ಜಿ ತುಂಬಲು ಬರುವುದಿಲ್ಲ, ಚಿಲ್ಲರೆ ಲೆಕ್ಕ ಹಾಕಲು ಬರುವುದಿಲ್ಲ. ದೂರಿನಲ್ಲಿ ಹುರುಳಿತ್ತು. ರಾಜ್ಯಗಳು ಒಂದರ ಹಿಂದೆ ಒಂದರಂತೆ ಪರೀಕ್ಷೆ ತಂದವು. 1983ರಲ್ಲಿ ಅಮೆರಿಕದ ಶಿಕ್ಷಣದ ಸ್ಥಿತಿ ಕುರಿತ ‘ಎ ನೇಷನ್ ಅಟ್ ರಿಸ್ಕ್’ ವರದಿ ಬರುವಷ್ಟರಲ್ಲಿ 37 ರಾಜ್ಯಗಳಲ್ಲಿ ಇಂಥದ್ದೊಂದು ಕಡ್ಡಾಯವಾಗಿತ್ತು. ಅದೇ ವರದಿ ಈ ಪರೀಕ್ಷೆಗಳನ್ನು ಟೀಕಿಸಿತು ಕೂಡ: ಕನಿಷ್ಠ ಎಂದು ಗೊತ್ತುಮಾಡಿದ್ದೇ ಕ್ರಮೇಣ ಗರಿಷ್ಠವಾಗಿಬಿಡುತ್ತದೆ, ಅದರಿಂದ ಎಲ್ಲರ ಮಟ್ಟವೂ ಇಳಿಯುತ್ತದೆ ಎಂದು.

ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಫ್ಲೋರಿಡಾ. ಅಲ್ಲಿ 1977ರಲ್ಲಿ ಮೊದಲ ಸಲ ಪರೀಕ್ಷೆ ನಡೆಯಿತು. ಭಾಷಾ ವ್ಯವಹಾರ ಮತ್ತು ಗಣಿತ ಎಂದು ಎರಡು ಭಾಗ. ಪಾಸಾಗದವರಿಗೆ ಡಿಪ್ಲೊಮಾ ಇಲ್ಲ ಎಂಬುದು ಷರತ್ತು. ಮೊದಲ ಸಲ ಬರೆದ ಕಪ್ಪು ವಿದ್ಯಾರ್ಥಿಗಳಲ್ಲಿ ಶೇ. 78ರಷ್ಟು ಮಂದಿ ಒಂದಾದರೂ ಭಾಗದಲ್ಲಿ ಫೇಲಾದರು. ಬಿಳಿಯರಲ್ಲಿ ಈ ಪ್ರಮಾಣ ಶೇ. 25. ಮೂರು ಅವಕಾಶ ಮುಗಿದ ಮೇಲೂ ಅಂತಿಮ ವರ್ಷದ ಕಪ್ಪು ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 20 ಮಂದಿ ಪಾಸಾಗಿರಲಿಲ್ಲ, ಬಿಳಿಯರಲ್ಲಿ ಸುಮಾರು ಶೇ. 2. ಈ ಮಕ್ಕಳು ಶಾಲೆಗೆ ಸೇರಿದ ಕಾಲಕ್ಕೆ ಫ್ಲೋರಿಡಾದ ಶಾಲೆಗಳು ಇನ್ನೂ ಬಣ್ಣದ ಆಧಾರದಲ್ಲಿ ಬೇರ್ಪಟ್ಟಿದ್ದವು. ಒಡೆದ ಶಾಲೆಯಲ್ಲಿ ಕಲಿಸಿ, ಕಲಿಯದ ತಪ್ಪನ್ನು ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ? ವಿದ್ಯಾರ್ಥಿನಿಯೊಬ್ಬಳ ಹೆಸರಿನಲ್ಲಿ ರಾಜ್ಯದ ಶಿಕ್ಷಣ ಆಯುಕ್ತರ ಮೇಲೆ ಹೂಡಿದ ‘ಡೆಬ್ರಾ ಪಿ. ವಿರುದ್ಧ ಟರ್ಲಿಂಗ್ಟನ್’ ಮೊಕದ್ದಮೆ ಹುಟ್ಟಿದ್ದು ಈ ಪ್ರಶ್ನೆಯಿಂದ.

1979ರಲ್ಲಿ ನ್ಯಾಯಾಲಯ, ಡಿಪ್ಲೊಮಾ ತಡೆಹಿಡಿಯುವುದನ್ನು ನಾಲ್ಕು ವರ್ಷ ಮುಂದೂಡಬೇಕೆಂದು ಆದೇಶಿಸಿತು. 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು: ಪರೀಕ್ಷೆಯಲ್ಲಿ ಕೇಳಿದ್ದನ್ನು ಶಾಲೆಗಳಲ್ಲಿ ನಿಜವಾಗಿ ಕಲಿಸಲಾಗಿದೆ ಎಂದು ರಾಜ್ಯವೇ ತೋರಿಸಬೇಕು. ಪಠ್ಯಕ್ರಮದಲ್ಲಿ ಅಚ್ಚಾಗಿದೆ ಎಂದರೆ ಸಾಲದು. ರಾಜ್ಯ ಜಿಲ್ಲೆಗಳಿಂದ ವರದಿ ತರಿಸಿತು, ಶಿಕ್ಷಕರನ್ನು ಸಮೀಕ್ಷೆ ಮಾಡಿತು, ಶಾಲೆಗಳಿಗೆ ತಂಡ ಕಳಿಸಿತು, ‘ಇದನ್ನು ನಿಮಗೆ ಕಲಿಸಿದ್ದಾರೆಯೇ?’ ಎಂದು ವಿದ್ಯಾರ್ಥಿಗಳನ್ನೇ ಕೇಳಿತು. ಈ ಪುರಾವೆಯ ಮೇಲೆ, ಕಪ್ಪು ಮಕ್ಕಳ ಪಾಸಿನ ಪ್ರಮಾಣ ಏರುತ್ತಿದ್ದುದನ್ನೂ ಗಮನಿಸಿ, 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಪರೀಕ್ಷೆಯನ್ನು ಎತ್ತಿಹಿಡಿಯಿತು. ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ 1983ರಲ್ಲಿ ಇಲಿನಾಯ್ ರಾಜ್ಯದ ಬ್ರೂಕ್‌ಹಾರ್ಟ್ ಪ್ರಕರಣದಲ್ಲಿ ತೀರ್ಪು ಬಂತು. ಅಷ್ಟು ವರ್ಷ ಬೇರೆಯೇ ಪಾಠ ಕಲಿತ ಮಕ್ಕಳಿಗೆ ಒಂದೂವರೆ ವರ್ಷದ ಮುನ್ಸೂಚನೆ ಏನೇನೂ ಸಾಲದು ಎಂದು.

ಇಲ್ಲಿ ಒಂದು ಒಳ್ಳೆಯ ಪರಿಣಾಮವನ್ನು ಒಪ್ಪಿಕೊಳ್ಳಲೇಬೇಕು. ಅದುವರೆಗೆ ಯಾರ ಕಣ್ಣಿಗೂ ಬೀಳದೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಕ್ಕಳು ಈ ಪರೀಕ್ಷೆಯಿಂದ ಲೆಕ್ಕಕ್ಕೆ ಬಂದರು. ಪರಿಹಾರ ಬೋಧನೆಗೆ ದುಡ್ಡು ಬಂತು, ಶಿಕ್ಷಕರು ನೇಮಕವಾದರು. ರಾಷ್ಟ್ರಮಟ್ಟದ ಮೌಲ್ಯಮಾಪನದಲ್ಲಿ 17ರ ವಯಸ್ಸಿನ ಕಪ್ಪು ವಿದ್ಯಾರ್ಥಿಗಳ ಓದಿನ ಸರಾಸರಿ (500ರ ಮಾಪಕದಲ್ಲಿ) 1971ರಲ್ಲಿ 239 ಇದ್ದದ್ದು 1988ಕ್ಕೆ 274 ಆಯಿತು. ಬಿಳಿಯರದು 291ರಿಂದ 295ಕ್ಕೆ ಬಂತು. ಅಂತರ ಇಷ್ಟು ಕುಗ್ಗಿದ್ದಕ್ಕೆ ಕನಿಷ್ಠ ಸಾಮರ್ಥ್ಯ ಪರೀಕ್ಷೆಯೇ ಕಾರಣ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಅದೇ ಅವಧಿಯಲ್ಲಿ ದಕ್ಷಿಣದ ಶಾಲೆಗಳಲ್ಲಿ ಬಣ್ಣದ ಬೇಲಿ ಮುರಿಯಿತು, ಬಡ ಮಕ್ಕಳ ಶಾಲೆಗಳಿಗೆ ಕೇಂದ್ರದ ಹಣ ಹರಿಯಿತು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಸಾಧ್ಯವಿಲ್ಲ.

ಈಗ ಗೆರೆಯ ವಿಚಾರಕ್ಕೆ ಬರೋಣ. ಸಾಮಾನ್ಯವಾಗಿ ಜನ ತಪ್ಪು ತಿಳಿಯುವುದು ಇಲ್ಲೇ. ಪಾಸ್ ಅಂಕವನ್ನು ಯಾರೂ ಪ್ರಕೃತಿಯಲ್ಲಿ ಹುಡುಕಿ ತಂದಿಲ್ಲ, ಜನ ಕುಳಿತು ನಿರ್ಧರಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ವಿಲಿಯಂ ಆಂಗೋಫ್ ಹೆಸರಿನ ವಿಧಾನ. ಹತ್ತಿಪ್ಪತ್ತು ಶಿಕ್ಷಕರನ್ನು ಕೂರಿಸಿ, ಪ್ರತಿ ಪ್ರಶ್ನೆಗೂ ‘ಕಷ್ಟಪಟ್ಟು ಗೆರೆ ದಾಟುವಂಥ 100 ಮಕ್ಕಳಲ್ಲಿ ಎಷ್ಟು ಮಂದಿ ಇದನ್ನು ಸರಿಯಾಗಿ ಮಾಡುತ್ತಾರೆ?’ ಎಂದು ಕೇಳುತ್ತಾರೆ. ಉತ್ತರಗಳ ಸರಾಸರಿ ತೆಗೆದು ಎಲ್ಲ ಪ್ರಶ್ನೆಗಳದ್ದನ್ನೂ ಕೂಡಿದರೆ ಪಾಸ್ ಅಂಕ ಸಿಗುತ್ತದೆ. ಪ್ರಾಮಾಣಿಕವಾಗಿ ಮಾಡಿದರೂ ತಂಡ ಬದಲಾದರೆ ಅಂಕ ಬದಲಾಗುತ್ತದೆ.

ಮಗು ಪಡೆಯುವ ಅಂಕವೂ ಕದಲುತ್ತದೆ. ಒಂದು ಉದಾಹರಣೆ ಲೆಕ್ಕ ಹಾಕಿ. 60 ಪ್ರಶ್ನೆಯ ಪರೀಕ್ಷೆ, ಪಾಸಿಗೆ 42, ಅಂಕಗಳ ಪ್ರಮಾಣಿತ ವಿಚಲನೆ (ಸರಾಸರಿಯ ಸುತ್ತ ಅಂಕಗಳು ಹರಡಿರುವ ಅಳತೆ) 8, ವಿಶ್ವಾಸಾರ್ಹತೆ (ಮತ್ತೆ ಬರೆಸಿದರೂ ಅಂಕ ಎಷ್ಟು ಸ್ಥಿರವಾಗಿರುತ್ತದೆ ಎಂಬುದರ ಅಳತೆ, ಪೂರ್ಣ ಸ್ಥಿರವಾದರೆ 1) 0.90 ಎಂದುಕೊಳ್ಳಿ. 0.90 ಎಂದರೆ ಬಹಳ ಒಳ್ಳೆಯ ಪರೀಕ್ಷೆ. ಆದರೂ ಅಳತೆಯ ದೋಷ, ಎಂದರೆ ಒಂದೇ ಮಗುವಿನ ಅಂಕ ಆಕಸ್ಮಿಕವಾಗಿ ಮೇಲೆ ಕೆಳಗೆ ಆಗುವ ಪ್ರಮಾಣ, 8ನ್ನು 0.1ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 2.5 ಅಂಕ ಇರುತ್ತದೆ. ನಿಜವಾದ ಸಾಮರ್ಥ್ಯ ಸರಿಯಾಗಿ 42 ಇರುವ ಹುಡುಗಿ ಪಾಸಾಗುವುದು ನಾಣ್ಯ ಚಿಮ್ಮಿದಂತೆ. 44.5ರ ಸಾಮರ್ಥ್ಯದವಳು, ಅಂದರೆ ಪಾಸಾಗಲೇಬೇಕಾದವಳು, ಮೊದಲ ಸಲ ಫೇಲಾಗುವ ಸಾಧ್ಯತೆ ಶೇ. 16. ಎರಡನೇ ಅವಕಾಶ ಕೊಟ್ಟರೆ ಎರಡೂ ಸಲ ಫೇಲಾಗುವ ಸಾಧ್ಯತೆ ಶೇ. 2.5ಕ್ಕೆ ಇಳಿಯುತ್ತದೆ. ಅದಕ್ಕೇ ಮರುಪರೀಕ್ಷೆ ಬೇಕೇ ಬೇಕು. ಆದರೆ ಇನ್ನೊಂದು ಬದಿ ನೋಡಿ. 39.5ರ ಸಾಮರ್ಥ್ಯದವನು ಹೊಸದಾಗಿ ಏನೂ ಕಲಿಯದೆ ಐದು ಸಲ ಬರೆದರೆ ಒಮ್ಮೆಯಾದರೂ ಪಾಸಾಗುವ ಸಾಧ್ಯತೆ ಶೇ. 58. ನಾಲ್ಕೈದು ಸುತ್ತಿನ ಬಳಿಕ ‘ಪಾಸಿನ ಪ್ರಮಾಣ ಏರಿತು’ ಎಂಬ ಸಂಭ್ರಮದಲ್ಲಿ ಒಂದು ಪಾಲು ಹೀಗೆ ಬಂದದ್ದೇ ಇರುತ್ತದೆ. ಮೂರು ವಿಷಯಗಳಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕೆಂದರೆ ಸಂಗತಿ ಇನ್ನೂ ಬಿಗಿ. ಒಂದೊಂದರಲ್ಲಿ ಶೇ. 84ರ ಸಾಧ್ಯತೆ ಇದ್ದು, ಒಂದರ ಏರುಪೇರು ಇನ್ನೊಂದಕ್ಕೆ ಸಂಬಂಧಿಸದಿದ್ದರೆ, ಮೂರನ್ನೂ ಒಟ್ಟಿಗೆ ದಾಟುವುದು ಶೇ. 59 ಮಾತ್ರ.

ಒಂದೆರಡು ಅಂಕದ ಈ ಅಲುಗಾಟ ಬದುಕಿನಲ್ಲಿ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಮ್ಯಾಸಚೂಸೆಟ್ಸ್‌ನ ದತ್ತಾಂಶದ ಮೇಲೆ ಸಂಶೋಧಕರಾದ ಪಪೇ, ಮರ್ನೇನ್ ಮತ್ತು ವಿಲೆಟ್ ತೋರಿಸಿದರು. 10ನೇ ತರಗತಿಯ ಗಣಿತದಲ್ಲಿ ಕೂದಲೆಳೆಯಲ್ಲಿ ಪಾಸಾದವರನ್ನೂ ಕೂದಲೆಳೆಯಲ್ಲಿ ಫೇಲಾದವರನ್ನೂ ಅವರು ಹೋಲಿಸಿದರು. ಈ ಎರಡು ಗುಂಪುಗಳ ಸಾಮರ್ಥ್ಯದಲ್ಲಿ ವ್ಯತ್ಯಾಸವೇ ಇಲ್ಲ ಎನ್ನಬಹುದು. ಆದರೂ ನಗರದ ಬಡ ಮಕ್ಕಳಲ್ಲಿ, ಫೇಲಾದವರು ಸಕಾಲದಲ್ಲಿ ಹೈಸ್ಕೂಲು ಮುಗಿಸುವ ಸಾಧ್ಯತೆ 8 ಶೇಕಡಾ ಅಂಶ ಕಡಿಮೆಯಾಯಿತು. ಅನುಕೂಲಸ್ಥರ ಮಕ್ಕಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಒಬ್ಬರಿಗೆ ಆ ಫಲಿತಾಂಶ ಮನೆಪಾಠಕ್ಕೆ ಕರೆ, ಇನ್ನೊಬ್ಬರಿಗೆ ‘ನೀನು ಇದಕ್ಕೆ ಹುಟ್ಟಿದವನಲ್ಲ’ ಎಂಬ ಮುದ್ರೆ. ಶಾಲೆ ಬಿಡುವ ಮಗು ಪರೀಕ್ಷೆಯ ದಿನವೇ ಬಿಡುವುದಿಲ್ಲ. ಫಲಿತಾಂಶ ಬಂದ ಮೇಲೆ ಚಿತ್ರಕಲೆ, ವಿಜ್ಞಾನ, ಆಟದ ಪೀರಿಯಡ್ಡುಗಳಿಂದ ಅದನ್ನು ಎಬ್ಬಿಸಿ ಪರಿಹಾರ ತರಗತಿಗೆ ಕೂರಿಸುತ್ತಾರೆ. ಶಾಲೆಗೆ ಬರಲು ಇದ್ದ ಒಂದೇ ಆಸೆಯನ್ನು ಹೀಗೆ ಕಿತ್ತುಕೊಂಡ ಮೇಲೆ ಹಾಜರಿ ಇಳಿಯುತ್ತದೆ, ಮತ್ತೊಂದು ಸುತ್ತು ಫೇಲಾಗುತ್ತದೆ, ಆಮೇಲೆ ಬರುವುದನ್ನೇ ನಿಲ್ಲಿಸುತ್ತದೆ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ನೋವಿನದು. 2006ರಲ್ಲಿ ಹೈಸ್ಕೂಲು ಮುಗಿಸಿದವರಿಂದ ಶುರುವಾಗಿ ಅಲ್ಲಿ ನಿರ್ಗಮನ ಪರೀಕ್ಷೆ ಪಾಸಾಗದವರಿಗೆ ಡಿಪ್ಲೊಮಾ ನಿಂತುಹೋಯಿತು. ಅಧ್ಯಯನಗಳಲ್ಲಿ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ, ಹಿಂದುಳಿದ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ತೇರ್ಗಡೆ ಇಳಿದದ್ದು ಕಂಡಿತು. 2015ರಲ್ಲಿ ರಾಜ್ಯ ಪರೀಕ್ಷೆಯನ್ನು ಅಮಾನತಿನಲ್ಲಿಟ್ಟು, ಉಳಿದೆಲ್ಲ ಅರ್ಹತೆ ಪೂರೈಸಿದ್ದ ಹಳೆಯ ವಿದ್ಯಾರ್ಥಿಗಳಿಗೂ ಹಿಂದಿನಿಂದ ಅನ್ವಯವಾಗುವಂತೆ ಡಿಪ್ಲೊಮಾ ಕೊಡಲು ಕಾನೂನು ಮಾಡಿತು. ಹೆಚ್ಚುಕಡಿಮೆ ಹತ್ತು ವರ್ಷ ಆ ಕಾಗದವಿಲ್ಲದೆ ಕೆಲಸ ಹುಡುಕಿದವರ ಕಾಲವನ್ನು ಯಾವ ಕಾನೂನೂ ಹಿಂದಿರುಗಿಸಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 2024ರ ನವೆಂಬರಿನಲ್ಲಿ ಮತದಾರರೇ ಈ ಷರತ್ತನ್ನು ತೆಗೆದುಹಾಕಿದರು.

ಇನ್ನು ಶಿಕ್ಷಕರ ಕಡೆ. ಪಾಠವನ್ನು ಬಾಗಿಸುವುದರಲ್ಲಿ ಪರೀಕ್ಷೆಯ ವಿಷಯಕ್ಕಿಂತ ಪ್ರಶ್ನೆಯ ರೂಪದ ಕೈವಾಡ ದೊಡ್ಡದು. ನೀವು ಗಣಿತ ಕಲಿಸುವವರು, ಈ ಅಂಕಿ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. 1976ರಲ್ಲಿ ನ್ಯೂಜೆರ್ಸಿಯಲ್ಲಿ ದಶಮಾಂಶ ಕೂಡುವ ಲೆಕ್ಕವನ್ನು ಒಂದರ ಕೆಳಗೊಂದು ಬರೆದು ಕೊಟ್ಟಾಗ ಶೇ. 86 ಮಂದಿ ಪಾಸಾದರು. ಅದೇ ಲೆಕ್ಕವನ್ನು ಅಡ್ಡಸಾಲಿನಲ್ಲಿ ಕೊಟ್ಟಾಗ ಶೇ. 46. ಕಳೆಯುವ ಲೆಕ್ಕದಲ್ಲಿ ಶೇ. 78 ಮತ್ತು ಶೇ. 30.

ಏನಾಗುತ್ತಿದೆ ಎಂದು ಹತ್ತಿರದಿಂದ ನೋಡಿ. 4.5 + 0.37 + 12 ಎಂದು ಅಡ್ಡಕ್ಕೆ ಕೊಡಿ. ಪೂರ್ಣಸಂಖ್ಯೆಗಳನ್ನು ಬಲಗಡೆ ಸಾಲು ಹಿಡಿದು ಕೂಡಿ ಅಭ್ಯಾಸವಾದ ಮಗು 5, 7, 2ಗಳನ್ನು ಒಂದರ ಕೆಳಗೊಂದು ಇಡುತ್ತದೆ. 45, 37, 12 ಕೂಡಿದಂತಾಗಿ 94 ಬರುತ್ತದೆ. ಎಲ್ಲಿಯೋ ಒಂದು ಚುಕ್ಕಿ ಇಟ್ಟು 0.94 ಅಥವಾ 9.4 ಎಂದು ಬರೆಯುತ್ತದೆ. 12ಕ್ಕೆ ಏನನ್ನೋ ಕೂಡಿದರೆ ಉತ್ತರ 12ಕ್ಕಿಂತ ಚಿಕ್ಕದಾಗುವುದು ಹೇಗೆ ಎಂಬ ಅನುಮಾನ ಅದಕ್ಕೆ ಬರುವುದಿಲ್ಲ. ಬಿಂದುಗಳನ್ನು ಸಾಲಾಗಿ ಜೋಡಿಸಿ ಅಚ್ಚುಹಾಕಿದ ಪ್ರಶ್ನೆಪತ್ರಿಕೆ, ಲೆಕ್ಕದ ಮುಖ್ಯ ಭಾಗವನ್ನು ತಾನೇ ಮಾಡಿಕೊಟ್ಟಿರುತ್ತದೆ. ಬಿಡಿಗೆ ಬಿಡಿ, ಹತ್ತನೇ ಒಂದಕ್ಕೆ ಹತ್ತನೇ ಒಂದು ಸೇರಬೇಕು ಎಂಬ ತಿಳಿವಳಿಕೆಯೇ ಆ ಭಾಗ. ಪರೀಕ್ಷೆ ಕಂಬಸಾಲಿನಲ್ಲೇ ಕೇಳುತ್ತದೆ ಎಂದು ಗೊತ್ತಾದ ಮೇಲೆ ಶಿಕ್ಷಕರು ಕಂಬಸಾಲಿನಲ್ಲೇ ಅಭ್ಯಾಸ ಮಾಡಿಸುತ್ತಾರೆ. ಅಂಕ ಏರುತ್ತದೆ. ಏರಿದ್ದು ಆ ರೂಪದ ಪರಿಚಯ, ದಶಮಾಂಶದ ತಿಳಿವಳಿಕೆಯಲ್ಲ.

ಬರವಣಿಗೆಯಲ್ಲಿ ಇದರದೇ ಇನ್ನೊಂದು ಮುಖ. ಬಹು ಆಯ್ಕೆಯಲ್ಲಿ ತಪ್ಪು ವಾಕ್ಯ ಗುರುತಿಸುವ ಪ್ರಶ್ನೆ ಬಂದರೆ ಮಕ್ಕಳು ವರ್ಷವಿಡೀ ತಪ್ಪು ಗುರುತಿಸುತ್ತಾರೆ, ತಾವಾಗಿ ಒಂದು ಪುಟ ಬರೆಯುವುದಿಲ್ಲ.

ಶಿಕ್ಷಕರ ಹೊಣೆಯನ್ನು ಪಾಸಿನ ಶೇಕಡಾವಾರಿನಲ್ಲಿ ಅಳೆಯತೊಡಗಿದರೆ ಇನ್ನೊಂದು ಒತ್ತಡ ಸೇರುತ್ತದೆ. ಗೆರೆಗಿಂತ ಎರಡು ಅಂಕ ಕೆಳಗಿರುವ ಮಗುವನ್ನು ದಾಟಿಸಿದರೆ ಶೇಕಡಾ ಏರುತ್ತದೆ. ಇಪ್ಪತ್ತು ಅಂಕ ಕೆಳಗಿರುವ ಮಗುವಿಗೆ ಹತ್ತು ಅಂಕದಷ್ಟು ಕಲಿಸಿದರೂ ಶೇಕಡಾ ಕದಲುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಡೆರೆಕ್ ನೀಲ್ ಮತ್ತು ಡಯಾನ್ ಷಾನ್ಜೆನ್‌ಬಾಕ್ ಷಿಕಾಗೋ ಶಾಲೆಗಳ ಅಂಕಗಳನ್ನು ಪರಿಶೀಲಿಸಿದಾಗ ಕಂಡದ್ದು ಇದೇ: ನಡುವಿನ ಮಕ್ಕಳಲ್ಲಿ ಏರಿಕೆ, ತೀರಾ ಕೆಳಗಿನವರಲ್ಲಿ ಏನೂ ಇಲ್ಲ. ಯಾರ ಹೆಸರಲ್ಲಿ ಪರೀಕ್ಷೆ ಬಂತೋ ಅವರೇ ಕೈಬಿಟ್ಟುಹೋದರು. ಇದಕ್ಕೆ ಶಿಕ್ಷಕರ ಕಲ್ಲೆದೆ ಕಾರಣವಲ್ಲ. ಅಂಕ ಎಣಿಸುವ ಸೂತ್ರವೇ ಅವರನ್ನು ಆ ಕಡೆ ತಳ್ಳುತ್ತದೆ. ಪರೀಕ್ಷೆಯಿಲ್ಲದ ವಿಷಯಗಳ ಗತಿಯೂ ಅಷ್ಟೇ. 2007ರ ಒಂದು ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ಶೇ. 44 ಜಿಲ್ಲೆಗಳು ಭಾಷೆ ಮತ್ತು ಗಣಿತಕ್ಕಾಗಿ ಪ್ರಾಥಮಿಕ ಶಾಲೆಯ ಬೇರೆ ವಿಷಯಗಳ ಅವಧಿ ಕಡಿತಗೊಳಿಸಿದ್ದಾಗಿ ಹೇಳಿದವು. ಉತ್ತರ ಕೆರೊಲಿನಾದಲ್ಲಿ ಶಾಲೆಗಳ ಮೇಲೆ ಅಂಕದ ಹೊಣೆ ಹೊರಿಸಿದ ಬಳಿಕ, ಕಡಿಮೆ ಅಂಕದ ಶಾಲೆಗಳಿಗೆ ಶಿಕ್ಷಕರನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು.

ಪರೀಕ್ಷೆ ಶಿಕ್ಷಕರನ್ನೂ ಬಿಡಲಿಲ್ಲ. 1986ರ ಮಾರ್ಚಿನಲ್ಲಿ ಟೆಕ್ಸಾಸ್ ರಾಜ್ಯ ಸೇವೆಯಲ್ಲಿದ್ದ ಶಿಕ್ಷಕರಿಗೂ ಆಡಳಿತಗಾರರಿಗೂ ಓದು, ಬರಹದ ಕನಿಷ್ಠ ಪರೀಕ್ಷೆ ನಡೆಸಿತು. ಸುಮಾರು ಎರಡು ಲಕ್ಷ ಮಂದಿ ಬರೆದರು, ಸುಮಾರು ಶೇ. 97 ಮಂದಿ ಮೊದಲ ಸಲವೇ ಪಾಸಾದರು. ಅದಕ್ಕಾಗಿ ಕಾರ್ಯಾಗಾರಗಳು ನಡೆದವು, ಉತ್ತರ ಊಹಿಸುವ ಯುಕ್ತಿಗಳನ್ನು ಕಲಿಸಿದರು. ತರಗತಿಯಲ್ಲಿ ಯಾರು ಚೆನ್ನಾಗಿ ಪಾಠ ಮಾಡುತ್ತಾರೆ ಎಂಬುದರ ಬಗ್ಗೆ ಅದು ಏನನ್ನೂ ಹೇಳಲಿಲ್ಲ. ಹೇಳುವಂತೆ ಅದನ್ನು ಕಟ್ಟಿರಲೂ ಇಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಮೊದಲ ಕೆಲಸ, ಒಂದು ಹೊಂದಾಣಿಕೆ ಪಟ್ಟಿ. ಪರೀಕ್ಷೆ ಕೇಳುವ ಪ್ರತಿ ಸಾಮರ್ಥ್ಯವನ್ನೂ ಎಡಗಡೆ ಬರೆಯಿರಿ. ಅದರ ಎದುರು ಮೂರು ಅಂಕಣ: ಪಠ್ಯಪುಸ್ತಕದಲ್ಲಿ ಯಾವ ಪುಟ, ನಿಮ್ಮ ಪಾಠಯೋಜನೆಯಲ್ಲಿ ಯಾವ ದಿನ, ಮಕ್ಕಳ ನೋಟ್‌ಬುಕ್ಕಿನಲ್ಲಿ ಇದೆಯೇ. ಮೂರನೆಯದನ್ನು ಐದಾರು ಮಕ್ಕಳ ಪುಸ್ತಕ ತೆರೆದು ನೋಡಿಯೇ ತುಂಬಬೇಕು. ಖಾಲಿ ಉಳಿಯುವ ಅಂಕಣ ಬಹುಪಾಲು ಇದೇ. ಅಲ್ಲಿ ಖಾಲಿ ಇದ್ದರೆ ಫೇಲಾದ ಮಗುವಿಗೆ ಮರುಪಾಠ ಬೇಕಿಲ್ಲ, ಮೊದಲ ಪಾಠವೇ ಬೇಕು.

ಫಲಿತಾಂಶ ಬಂದಾಗ ಒಟ್ಟು ಅಂಕದ ಪ್ರಕಾರ ಗುಂಪು ಮಾಡಬೇಡಿ. 38 ಅಂಕದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ದಶಮಾಂಶ ಬಾರದು, ಇನ್ನೊಬ್ಬಳಿಗೆ ಪ್ರಶ್ನೆಯ ವಾಕ್ಯವೇ ಓದಲು ಬಾರದು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಅದೇ ಹಾಳೆ ಕೊಟ್ಟರೆ ಇಬ್ಬರ ಸಮಯವೂ ಹಾಳು. ತಪ್ಪಿನ ಬಗೆ ನೋಡಿ ಗುಂಪು ಮಾಡಿ. ಅದಕ್ಕೆ ಪ್ರತಿ ಸಾಮರ್ಥ್ಯಕ್ಕೂ ಕನಿಷ್ಠ ಮೂರು ಪ್ರಶ್ನೆ ಬೇಕು, ಮೂರೂ ಬೇರೆ ರೂಪದಲ್ಲಿ: ಒಂದು ಕಂಬಸಾಲಿನಲ್ಲಿ, ಒಂದು ಅಡ್ಡಸಾಲಿನಲ್ಲಿ, ಒಂದು ಮಾತಿನ ಲೆಕ್ಕ. ಒಂದೇ ಪ್ರಶ್ನೆಯಿಂದ ‘ಇವನಿಗೆ ಬರುತ್ತದೆ’, ‘ಇವನಿಗೆ ಬರುವುದಿಲ್ಲ’ ಎಂದು ತೀರ್ಮಾನಿಸಿದರೆ ಊಹೆಯನ್ನು ತಿಳಿವಳಿಕೆಯೆಂದೂ ಕೈತಪ್ಪನ್ನು ತಿಳಿಯದಿರುವಿಕೆಯೆಂದೂ ಎಣಿಸಿದಂತೆ.

ಅಂದಾಜಿನ ಪ್ರಶ್ನೆಗಳನ್ನು ಧಾರಾಳವಾಗಿ ಬಳಸಿ. 1978ರಲ್ಲಿ ರಾಷ್ಟ್ರಮಟ್ಟದ ಮೌಲ್ಯಮಾಪನದಲ್ಲಿ 13ರ ವಯಸ್ಸಿನ ಮಕ್ಕಳಿಗೆ 12/13 + 7/8 ಹತ್ತಿರಹತ್ತಿರ ಎಷ್ಟು ಎಂದು ಕೇಳಿ 1, 2, 19, 21 ಎಂಬ ಆಯ್ಕೆ ಕೊಟ್ಟರು. ಎರಡೂ ಒಂದಕ್ಕೆ ಹತ್ತಿರ, ಆದ್ದರಿಂದ ಉತ್ತರ 2. ಸರಿ ಹೇಳಿದವರು ಶೇ. 24. ಮೇಲಿನ ಅಂಕಿಗಳನ್ನು ಕೂಡಿ 19 ಎಂದವರು ಶೇ. 28, ಕೆಳಗಿನವನ್ನು ಕೂಡಿ 21 ಎಂದವರು ಶೇ. 27. ಕಾಗದ ಪೆನ್ಸಿಲ್ ಹಿಡಿಯದೆ ಎರಡು ನಿಮಿಷದಲ್ಲಿ ಉತ್ತರಿಸುವ ಇಂಥ ಒಂದು ಪ್ರಶ್ನೆ, ಇಪ್ಪತ್ತು ಲೆಕ್ಕದ ಹಾಳೆಗಿಂತ ಹೆಚ್ಚು ಸುಳಿವು ಕೊಡುತ್ತದೆ.

ಪರಿಹಾರ ಪಾಠದ ಬಳಿಕ ಅದೇ ವಾರ ಮರುಪರೀಕ್ಷೆ ಮಾಡಿ ಸಮಾಧಾನಪಡಬೇಡಿ. ಎರಡು ವಾರದ ಬಳಿಕ ಒಮ್ಮೆ, ಆರು ವಾರದ ಬಳಿಕ ಮತ್ತೊಮ್ಮೆ, ಸಂಖ್ಯೆಯನ್ನೂ ರೂಪವನ್ನೂ ಬದಲಿಸಿ ಕೇಳಿ. ಎರಡು ವಾರಕ್ಕೆ ಉಳಿದು ಆರು ವಾರಕ್ಕೆ ಅಳಿದುಹೋದರೆ ಕಲಿತದ್ದು ಹೆಜ್ಜೆಗಳ ಉರು ಮಾತ್ರ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು ಎರಡು ಸಲ ಸಾಕು: ಸಮಯದ ಅಂದಾಜಿಗೆ ಒಮ್ಮೆ, ಉತ್ತರಹಾಳೆ ತುಂಬುವ ರೂಢಿಗೆ ಒಮ್ಮೆ. ಮೂರನೆಯದರಿಂದ ಅಂಕ ಏರಿದರೂ ಅದು ಆ ಪತ್ರಿಕೆಯ ಪರಿಚಯದ ಅಂಕ. ಪರಿಹಾರ ತರಗತಿಗೆ ಮಗು ಇಷ್ಟಪಡುವ ಪೀರಿಯಡ್ಡನ್ನು ಮಾತ್ರ ಮುಟ್ಟಬೇಡಿ, ಮತ್ತು ಆ ತರಗತಿಯನ್ನು ಶಾಲೆಯ ಅತ್ಯಂತ ಅನುಭವಿ ಶಿಕ್ಷಕರಿಗೆ ವಹಿಸುವಂತೆ ಪಟ್ಟು ಹಿಡಿಯಿರಿ. ಹೊಸಬರಿಗೆ ಅದನ್ನು ತಳ್ಳಿಬಿಡುವುದು ಸುಲಭದ ಹಾದಿ, ಆದರೆ ಮಗುವಿನ ತಪ್ಪು ಯಾವ ತಿಳಿವಳಿಕೆಯಿಂದ ಹುಟ್ಟಿತು ಎಂದು ಓದುವುದು ಈ ವೃತ್ತಿಯ ಅತ್ಯಂತ ಕಠಿಣ ಕೆಲಸ.

ನಿಯಮ ರೂಪಿಸುವ ಸಮಿತಿಯಲ್ಲಿ ಮಾತನಾಡುವ ಅವಕಾಶ ಸಿಕ್ಕರೆ ನಾಲ್ಕು ವಿಷಯ ಕೇಳಿ ಪಡೆಯಿರಿ. ಡಿಪ್ಲೊಮಾ ತಡೆಯುವ ಮೊದಲು ಕನಿಷ್ಠ ನಾಲ್ಕು ವರ್ಷದ ಮುನ್ಸೂಚನೆ ಇರಲಿ. ಗೆರೆಯಿಂದ ಅಳತೆಯ ದೋಷದಷ್ಟು ಕೆಳಗಿರುವವರಿಗೆ ತರಗತಿಯ ಕೆಲಸ, ಪ್ರಾಜೆಕ್ಟ್, ಮೌಖಿಕ ಪರೀಕ್ಷೆಯಂಥ ಬೇರೆ ಪುರಾವೆಯನ್ನು ಒಪ್ಪಿಕೊಳ್ಳಲಿ. ಶಾಲೆಯ ಹೆಗ್ಗಳಿಕೆಯನ್ನು ಪಾಸಿನ ಶೇಕಡಾವಾರಿನಲ್ಲಲ್ಲ, ಪ್ರತಿ ಮಗು ತಾನಿದ್ದಲ್ಲಿಂದ ಎಷ್ಟು ಮುಂದೆ ಬಂತು ಎಂಬುದರಲ್ಲಿ ಅಳೆಯಲಿ. ಪಾಸಿನ ಪ್ರಮಾಣವನ್ನು ಪ್ರಕಟಿಸುವಾಗ ಲೆಕ್ಕವನ್ನು ಅಂತಿಮ ವರ್ಷದಲ್ಲಿ ಉಳಿದವರಿಂದ ಶುರುಮಾಡದೆ, ನಾಲ್ಕು ವರ್ಷದ ಹಿಂದೆ ಹೈಸ್ಕೂಲಿಗೆ ಸೇರಿದವರಿಂದ ಶುರುಮಾಡಲಿ. ನಡುವೆ ಶಾಲೆ ಬಿಟ್ಟ ಮಗು ಯಾವ ಫೇಲಿನ ಪಟ್ಟಿಯಲ್ಲೂ ಕಾಣುವುದಿಲ್ಲ.